ವೃಷಭೇಂದ್ರನ ವಿಮಾನದ ಟೋಪಿ

ತಾಳವಾಡಿಯಲ್ಲಿ ಬೋರ್‌ವೆಲ್ ಮೋಟಾರು ಸುಟ್ಟರೆ ಜನ ಹೊತ್ತು ತರುವುದು ವೃಷಭೇಂದ್ರನ ಅಂಗಡಿಗೆ. ಆ ಪುಣ್ಯಾತ್ಮ ಹಗಲೆಲ್ಲ ಊರ ಮೋಟಾರಿಗೆ ತಂತಿ ಸುತ್ತಿ, ಉಳಿದ ಹೊತ್ತಿನಲ್ಲಿ ಮನೆ ಹಿಂದಿನ ಅರಿಶಿನದ ಶೆಡ್ಡಿನಲ್ಲಿ ಕೂತು ಹಾರುವಂಥ ಪುಟ್ಟ ವಿಮಾನವೊಂದನ್ನು ಕಟ್ಟಿದ್ದ. ರೆಕ್ಕೆ ಬಂತು, ಬಾಲ ಬಂತು, ಇಂಜಿನ್ನೂ ಬಂತು. ಮೂತಿಯ ಫ್ಯಾನಿನ ನಡುವೆ ಕೂರುವ ಚೂಪು ಟೋಪಿ, ಸ್ಪಿನ್ನರ್ ಅನ್ನುತ್ತಾರಲ್ಲ, ಅದು ಮಾತ್ರ ಒಲಿಯಲಿಲ್ಲ. ಕೂದಲೆಳೆಯಷ್ಟು ಓರೆಯಾದರೂ ಇಂಜಿನ್ ಓಡುವಾಗ ನಡುಗಿ ಸೀಳಿಹೋಗುತ್ತದೆ. ಎರಡು ಹಾಗೇ ಸೀಳಿಹೋಗಿದ್ದವು. ಮೂಗಿಗಿಂತ ಮೂಗುತಿ ಭಾರ ಅಂತ ಊರು ನಕ್ಕಿತು. ಅವನಿಗೂ ರೋಸಿಹೋಗಿತ್ತು.

"ಇದು ಮೂರನೇದು ಕಣಮ್ಮಿ. ಇದೂ ಅಲ್ಲಾಡ್ತು ಅಂದ್ರೆ ಇಂಜಿನ್ ಬಿಚ್ಚಿ ಮಾರ್ಬುಡ್ತೀನಿ, ನಿನ್ನಾಣೆ" ಎಂದು ಹೆಂಡತಿ ಪವಿತ್ರಳ ಮುಂದೆ ಆಣೆ ಇಟ್ಟುಬಿಟ್ಟ.

ಟೋಪಿ ಬಿಗಿದ ದಿನ ಪವಿತ್ರ ಆರತಿ ತಟ್ಟೆ ಹಿಡಿದು ಬಂದಳು. ಪೂಜೆಯಿಲ್ಲದೆ ಆ ಮನೆಯಲ್ಲಿ ಮಿಕ್ಸಿಯೂ ತಿರುಗಿದ್ದಿಲ್ಲ. ಟೋಪಿಯ ತುದಿಗೊಂದು ಕುಂಕುಮದ ಬೊಟ್ಟಿಟ್ಟು ಕೈ ಮುಗಿದಳು.

ವೃಷಭೇಂದ್ರ ಎದುರು ನಿಂತು ಕೈಯಲ್ಲೇ ಫ್ಯಾನು ತಿರುಗಿಸಿದ. ಅಯ್ಯೋ ಶಿವನೇ! ತುದಿಯ ಬೊಟ್ಟು ಗಾಣದೆತ್ತಿನ ಹಾಗೆ ಸುತ್ತು ಹಾಕುತ್ತಿದೆ! ಸ್ಕ್ರೂ ಸಡಿಲಿಸಿ ಮತ್ತೆ ಬಿಗಿದ. ಮತ್ತೂ ಸುತ್ತು. ಪೂರ್ತಿ ಬಿಚ್ಚಿ ಕೂರಿಸಿದ. ಊಹೂಂ.

"ಆಯ್ತು ಬುಡು. ನಾಳೀಕೆ ಇಂಜಿನ್ ಇಳಿಸ್ತೀನಿ" ಅಂದವನೇ ಸ್ಪ್ಯಾನರ್ ಕೆಳಗಿಟ್ಟ.

ಇಷ್ಟು ದಿನ ಆ ಶೆಡ್ಡಿಗೆ ಶಾಪ ಹಾಕಿದ ಪವಿತ್ರಳೇ, "ಇನ್ನೊಂದ್ಸಲ ತಿರುಗ್ಸಿ, ನಾ ನೋಡ್ತೀನಿ" ಎಂದು ಹತ್ತಿರ ಬಂದಳು. ನೋಡಿದಳು, ಮತ್ತೆ ನೋಡಿದಳು, ನಾಲಗೆ ಕಚ್ಚಿಕೊಂಡಳು.

"ಟೋಪಿ ಅಲ್ಲಾಡ್ತಿಲ್ಲ ಕಣ್ರೀ! ಬುಡ ನೋಡಿ, ನೆಟ್ಟಗದೆ. ನಾನೇ ಬೊಟ್ಟ ಓರೆಗೆ ಇಟ್ಬುಟ್ಟೆ!"

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ; ಇಲ್ಲಿ ನೋಡಿದರೆ ನೆಲವೇ ಡೊಂಕು! ವೃಷಭೇಂದ್ರ ಬಟ್ಟೆ ಹಿಡಿದು ಬೊಟ್ಟು ಒರೆಸಲು ಹೋದ. ಪವಿತ್ರ ಗಪ್ಪನೆ ಕೈ ಹಿಡಿದಳು.

"ಒರಸ್ಬ್ಯಾಡಿ! ನೀವು ಕೂರೋ ವಿಮಾನದ ಕುಂಕುಮ ಅಳಿಸಾಕೆ ನಾ ಬುಡಕಿಲ್ಲ."

"ಅಂಗಾದ್ರೆ ಓರೆ ಬೊಟ್ಟೇ ಇರ್ಲಾ?"

"ಅಳಿಸ್ಬಾರ್ದು. ದೊಡ್ಡದು ಮಾಡ್ಬೋದಲ್ವಾ?"

ಹೆಬ್ಬೆರಳಿಗೆ ಕುಂಕುಮ ಮೆತ್ತಿಕೊಂಡು ಟೋಪಿಯ ತುದಿಯ ಸುತ್ತ ಒಂದೇ ಸಮ ಬಳಿದಳು. ವಿಮಾನವನ್ನು ಶೆಡ್ಡಿನಿಂದ ಹೊರಗೆಳೆದು ಚಕ್ರಕ್ಕೆ ಕಲ್ಲು ಕೊಟ್ಟರು. ಅವಳು ದೂರ ಸರಿದು ನಿಂತಮೇಲೆ ವೃಷಭೇಂದ್ರ ಒಳಗೆ ಕೂತು ಚಾವಿ ತಿರುಗಿಸಿದ. ಇಂಜಿನ್ ಮೊರೆಯಿತು, ಧೂಳೆದ್ದಿತು, ಕೋಳಿಗಳು ದಿಕ್ಕಾಪಾಲಾದವು. ಕೆಂಪು ತುದಿ ಮಾತ್ರ ಇದ್ದಲ್ಲೇ ಇತ್ತು; ಅಲ್ಲಾಡ್ತಿಲ್ಲ ಅಂತ ಪವಿತ್ರ ದೂರದಿಂದಲೇ ಕೈಸನ್ನೆ ಮಾಡಿದಳು. ಅವನಿಗೆ ನಗುವೂ ಬಂತು, ಅಳುವೂ ಬಂತು.

ಇಂಜಿನ್ ನಿಂತ ಮೇಲೆ ಪವಿತ್ರ ಹತ್ತಿರ ಬಂದು ಒಳಗೆ ಇಣುಕಿದಳು.

"ಅಲ್ರೀ, ಒಂದೇ ಸೀಟು ಮಾಡಿದ್ದೀರಲ್ಲ, ನಾನೇನು ಬಾಲಕ್ಕೆ ಜೋತು ಬೀಳಾದಾ?"