ಸೀಟು ಹಿಂದಕ್ಕೆ, ಸೀಟು ಮುಂದಕ್ಕೆ

ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಮನೆಯೆದುರು ನಿಂತ ಹಳದಿ ಶಾಲಾ ವ್ಯಾನಿನ ಗಾಜನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿರುವ ಎತ್ತರದ ಹೆಂಗಸನ್ನು ಮಕ್ಕಳು ದೊಡ್ಡಾಂಟಿ ಎನ್ನುತ್ತಾರೆ. ಒರೆಸಿದ ಮೇಲೆ ಅವರು ಡ್ರೈವರ್ ಸೀಟಿನಲ್ಲಿ ಕೂತು, ಕೆಳಗಿನ ಸರಳನ್ನೆತ್ತಿ, ಸೀಟನ್ನು ಕರಕರ ಎಂದು ಹಿಂದಕ್ಕೆ ತಳ್ಳುತ್ತಾರೆ. ಕಾಲು ಚಾಚಿ, ಸ್ಟೇರಿಂಗ್ ಮೇಲೆ ಕೈಯಿಟ್ಟು ತುಸು ಹೊತ್ತು ಕೂತು ಇಳಿದುಬಿಡುತ್ತಾರೆ. ಆಮೇಲೆ ಅವರ ಓರಗಿತ್ತಿ, ಮಕ್ಕಳ ಬಾಯಲ್ಲಿ ಚಿಕ್ಕಾಂಟಿ, ತಲೆಗೆ ಕ್ಲಿಪ್ಪು ಸಿಕ್ಕಿಸಿಕೊಳ್ಳುತ್ತಾ ಬಂದು, ಅದೇ ಸರಳನ್ನೆತ್ತಿ, ಸೀಟನ್ನು ಮುಂದಕ್ಕೆ ಎಳೆದುಕೊಳ್ಳುತ್ತಾಳೆ. ಆಕೆ ಗಿಡ್ಡ. ದಿನಾ ಬೆಳಗ್ಗೆ ಇದೇ ಆಟ.

"ಹೊಟ್ಟೆಕಿಚ್ಚು, ಇನ್ನೇನು," ಎನ್ನುತ್ತಾರೆ ದೊಡ್ಡಾಂಟಿ, ಬಟ್ಟೆ ಹಿಂಡುತ್ತಾ. "ಇಲ್ಲ ಅಂದ್ರೆ ಸುಳ್ಳಾಗತ್ತೆ."

ಹೊಟ್ಟೆಕಿಚ್ಚಿಗೆ ಕಾರಣವಿದೆ. ಗಂಡನ ಸೊಂಟ ಹಿಡಿದುಕೊಂಡಾಗ ಈ ವ್ಯಾನಿನ ಸ್ಟೇರಿಂಗ್ ಹಿಡಿದವರು ಅವರು. ಶಾಲೆಯ ಗೇಟಿನಲ್ಲಿ ಉಳಿದ ಡ್ರೈವರುಗಳು ಬೇಕೆಂದೇ ದಾರಿ ಬಿಡುತ್ತಿರಲಿಲ್ಲ. ಮಳೆಯಲ್ಲಿ ಟೈರು ಬದಲಿಸುವಾಗ ಒಬ್ಬರೂ ಬಂದು ಜಾಕು ಹಿಡಿಯಲಿಲ್ಲ. ವಾಂತಿ ಮಾಡುವ ಮಗು ಯಾವ ಕಿಟಕಿಗೆ ಕೂರಬೇಕು, ಯಾವ ಮನೆಯ ಮುಂದೆ ಹಾರನ್ ಹಾಕಿದರೆ ಮಲಗಿದ ಅಜ್ಜ ಬೈಯುತ್ತಾರೆ, ಎಲ್ಲ ಅವರಿಗೆ ಬಾಯಿಪಾಠ. ಬಾಗಿಲ ಬಳಿ ಮಕ್ಕಳನ್ನು ಹತ್ತಿಸಿ ಇಳಿಸಲು ಮೈದುನನ ಹೆಂಡತಿಯನ್ನು ಕರೆದುಕೊಂಡವರೂ ಅವರೇ. ಬಯಲಿಗೆ ಕರೆದೊಯ್ದು, ನಿನ್ನ ಕೈಲಿ ಆಗಲ್ಲ ಬಿಡು ಎಂದು ಮೂದಲಿಸುತ್ತಲೇ ಆಕೆಗೆ ಡ್ರೈವಿಂಗ್ ಕಲಿಸಿ, ಲೈಸೆನ್ಸು ಮಾಡಿಸಿದ್ದೂ ಅವರೇ.

ಆ ಓರಗಿತ್ತಿಗೊಂದು ಚಾಳಿ ಹತ್ತಿತ್ತು. ಬಾಗಿಲ ಬಳಿಯಿಂದ, "ಅಕ್ಕಾ, ಎಡಗಡೆ ಸೈಕಲ್... ಅಕ್ಕಾ, ಎಡಗಡೆ ನಾಯಿ," ಎಂದು ಕೂಗುತ್ತಲೇ ಇರುವಳು. ದೊಡ್ಡಾಂಟಿಗೆ ಮೈಯೆಲ್ಲ ಉರಿ. ಕಲಿಸಿದವಳಿಗೇ ಕಲಿಸಲು ಬಂದಳು, ಇವಳ ಕಣ್ಣು ನನ್ನ ಸೀಟಿನ ಮೇಲಿದೆ ಎಂದು ಗಂಡನ ಹತ್ತಿರ ದೂರಿದ್ದೂ ಆಯಿತು. ಕೊನೆಗೊಂದು ದಿನ ಮಕ್ಕಳೆದುರೇ ಬಾಯಿ ಮುಚ್ಚು ಎಂದುಬಿಟ್ಟರು.

ಮರುದಿನ ಆಕೆ ಬಾಯಿ ತೆರೆಯಲಿಲ್ಲ. ಬೇಕರಿಯ ತಿರುವಿನಲ್ಲಿ ಧಡ್ ಎಂದು ವ್ಯಾನಿನ ಮೈಗೆ ಯಾರೋ ಗುದ್ದಿದ ಸದ್ದು. ಬ್ರೇಕು ಹಾಕಿ ನೋಡಿದರೆ, ಪೇಪರ್ ಹಾಕುವವನು ಸೈಕಲ್ ಸಮೇತ ಗೋಡೆಗೆ ಒತ್ತಿಕೊಂಡು ನಿಂತಿದ್ದಾನೆ. ಪುಣ್ಯಕ್ಕೆ ಒಂದು ಗೀರೂ ಆಗಿಲ್ಲ. ಕಣ್ಣು ಕಾಣಲ್ವಾ ಎಂದು ಅವನು ಕೇಳಿದ್ದು ಎಲ್ಲರೂ ಎಲ್ಲರಿಗೂ ಬೈಯುವ ಬೈಗುಳ. ದೊಡ್ಡಾಂಟಿಗೆ ಮಾತ್ರ ಅದು ಪ್ರಶ್ನೆಯ ಹಾಗೇ ಕೇಳಿಸಿತು. ಅವನು ನಿಜವಾಗಿಯೂ ಅವರಿಗೆ ಕಂಡಿರಲಿಲ್ಲ.

ಕಣ್ಣಿನ ಆಸ್ಪತ್ರೆಯಲ್ಲಿ ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಪಟಪಟ ಓದಿದರು. ಆಮೇಲೆ ಬಿಳಿ ಬೋಗುಣಿಯಂಥ ಯಂತ್ರದೊಳಗೆ ಮುಖ ಇಡಿಸಿ, ಬೆಳಕಿನ ಚುಕ್ಕೆ ಕಂಡಾಗೆಲ್ಲ ಗುಂಡಿ ಒತ್ತಿ ಎಂದರು ಅಲ್ಲಿಯವರು. ದೊಡ್ಡಾಂಟಿ ಕಾದರು, ಕಾದರು. "ಚುಕ್ಕೆನೇ ಬರ್ತಿಲ್ವಲ್ಲ, ಮೆಷಿನ್ ಕೆಟ್ಟಿದ್ಯಾ?" ಎಂದು ಕೇಳಿದಾಗ ಅಲ್ಲಿದ್ದ ಹುಡುಗಿ ಮೆಲ್ಲಗೆ ಹೇಳಿದಳು: "ಬರ್ತಾನೇ ಇದೆ ಅಮ್ಮ."

ಕಣ್ಣಿನೊಳಗಿನ ಒತ್ತಡಕ್ಕೆ ಪಕ್ಕದ ನೋಟ ಸದ್ದಿಲ್ಲದೆ ಸವೆದುಹೋಗಿತ್ತು, ಎಡಕ್ಕೆ ಹೆಚ್ಚು. ಹಾಕಿಕೊಳ್ಳುವ ಹನಿ ಉಳಿದದ್ದನ್ನು ಕಾಯುತ್ತದೆ, ಹೋದದ್ದನ್ನು ತರುವುದಿಲ್ಲ. ವಾಹನ ಓಡಿಸಬೇಡಿ ಎಂದರು ಡಾಕ್ಟರು. ಲೈಸೆನ್ಸಿನ ಅವಧಿ ಇನ್ನೂ ಇತ್ತು. ಯಾರು ಕೇಳ್ತಾರೆ, ನಿಧಾನಕ್ಕೆ ಓಡಿಸು ಎಂದರು ಗಂಡ. ಎರಡು ದಿನ ಜ್ವರದ ನೆಪ ಹೇಳಿ ಹೊದ್ದು ಮಲಗಿದ ದೊಡ್ಡಾಂಟಿ, ಮೂರನೆಯ ದಿನ ತಾವಾಗಿಯೇ ಶಾಲೆಗೆ ಹೋಗಿ ವಿಷಯ ತಿಳಿಸಿದರು. ಮನೆಗೆ ಬಂದವರೇ ವ್ಯಾನಿನ ಬೀಗದ ಕೈಯನ್ನು ಓರಗಿತ್ತಿಯ ಕೈಗಿತ್ತರು.

"ಕಣ್ಣು ಹೋಗಿದ್ದಕ್ಕೆ ಅಷ್ಟು ಅಳು ಬರಲಿಲ್ಲ," ಎನ್ನುತ್ತಾರೆ. "ಅವಳು ಕೀ ತಿರುಗಿಸಿದ ತಕ್ಷಣ ಗಾಡಿ ಸ್ಟಾರ್ಟ್ ಆಯ್ತು ನೋಡಿ, ಆಗ ಬಂತು. ನನಗೆ ಚಳಿಗಾಲದಲ್ಲಿ ಒಂದು ದಿನಾನೂ ಒಂದೇ ಸಲಕ್ಕೆ ಆಗಿದ್ದಿಲ್ಲ."

ಈಗ ಬಾಗಿಲ ಬಳಿಯ ಜಾಗ ದೊಡ್ಡಾಂಟಿಯದು. ಮಗು ಇಳಿದರೆ ಕತ್ತನ್ನು ಪೂರ್ತಿ ಆಚೆಗೊಮ್ಮೆ ಈಚೆಗೊಮ್ಮೆ ತಿರುಗಿಸಿ ನೋಡಿಯೇ ಅದರ ಕೈ ಬಿಡುತ್ತಾರೆ. ಹಿಂದಿನ ಸೀಟಿನ ಮಕ್ಕಳು ಗೂಬೆ ಆಂಟಿ ಎಂದು ಕಿಸಕ್ಕನೆ ನಗುತ್ತವೆ. ಅದರಿಂದ ಅವರಿಗೆ ಬೇಸರವಿಲ್ಲ. ಚಿಕ್ಕಾಂಟಿ ಓಡಿಸಿದರೆ ಹಂಪಿನಲ್ಲಿ ಹೊಟ್ಟೆ ಎಗರಲ್ಲ ಎಂದು ಒಂದು ಪುಟಾಣಿ ಹೇಳಿತಲ್ಲ, ಅದಕ್ಕೆ ಮಾತ್ರ ಆ ದಿನ ಊಟ ಸೇರಲಿಲ್ಲ.

ಸೀಟಿನ ವಿಷಯ ಓರಗಿತ್ತಿಯನ್ನು ಕೇಳಿದರೆ ಆಕೆ ನಗುತ್ತಾಳೆ. "ಅಕ್ಕ ಕೂತು ಎದ್ದಿರ್ತಾರಲ್ಲ, ಸೀಟು ಬೆಚ್ಚಗಿರತ್ತೆ. ಈ ಚಳೀಲಿ ಒಳ್ಳೇದೇ ಆಯ್ತು."

ದೊಡ್ಡಾಂಟಿಗೆ ಇನ್ನೇನು ಆಸೆ? "ಅವಳು ಒಂದೇ ಒಂದು ದಿನ ಲೇಟಾಗಿ ಹೋಗ್ಬೇಕು. ಮಕ್ಕಳು, ದೊಡ್ಡಾಂಟಿ ಇದ್ದಿದ್ರೆ ಹೀಗಾಗ್ತಿರ್ಲಿಲ್ಲ ಅನ್ಬೇಕು. ಅಷ್ಟು ಸಾಕು."

ಹೇಳುತ್ತಲೇ ಎಡಗಡೆಯ ಕನ್ನಡಿಯನ್ನು ಒರೆಸುತ್ತಾರೆ. ಅದು ಗಿಡ್ಡ ಹೆಂಗಸಿನ ಕಣ್ಣಿನ ಮಟ್ಟಕ್ಕೆ ಬಾಗಿದೆ. ಬಟ್ಟೆಯ ಒತ್ತಡಕ್ಕೆ ಎಲ್ಲಿ ಅಲುಗೀತೋ ಎಂದು ಇನ್ನೊಂದು ಕೈಯಿಂದ ಹಿಡಿದುಕೊಂಡಿದ್ದಾರೆ.

"ಸೀಟು ಎಷ್ಟು ಸಲ ಬೇಕಾದ್ರೂ ತಳ್ತೀನಿ," ಎನ್ನುತ್ತಾರೆ. "ಇದನ್ನ ಮಾತ್ರ ಮುಟ್ಟಲ್ಲ. ಇದು ಮಕ್ಕಳದ್ದು."