ಚರ್ಚಿನ ಗೋಡೆಯ ಕೆಂಪು ಗೆರೆ

ಆಗಿನ ದಿನಗಳಲ್ಲಿ ಹೊಳೆ ಎಷ್ಟು ಏರಿದೆ ಎಂದು ತಿಳಿಯಲು ನಮ್ಮೂರ ಜನ ಹೊಳೆಯನ್ನು ನೋಡುತ್ತಿರಲಿಲ್ಲ, ಚರ್ಚಿನ ಗೋಡೆಯನ್ನು ನೋಡುತ್ತಿದ್ದರು. ಗಂಗಾವತಿ ಸೀಮೆಯ ತುಂಗಭದ್ರೆಯ ದಂಡೆಗೆ ನಮ್ಮೂರು. ಭತ್ತದ ಗದ್ದೆಗಳ ಆಚೆ, ಇಪ್ಪತ್ತು ಮಂದಿ ಕೂತರೆ ತುಂಬಿಹೋಗುವ ಸಣ್ಣ ಚರ್ಚು. ಅದರ ಗೋಡೆಯ ಮೇಲೆ ಕೆಮ್ಮಣ್ಣಿನದೊಂದು ಗೆರೆ. ಡ್ಯಾಮು ಕಟ್ಟುವ ಮೊದಲು, ನಿಜಾಮರ ಕಾಲದಲ್ಲಿ ಬಂದ ದೊಡ್ಡ ನೆರೆ ನಿಂತ ಗುರುತು ಅದು. ಗೆರೆಯ ಮೇಲಿಟ್ಟದ್ದು ನೆನೆಯುವುದಿಲ್ಲ ಎಂದು ಊರೆಲ್ಲ ನಂಬಿತ್ತು.

ಚರ್ಚು ಗುಡಿಸಿ ಗಂಟೆ ಬಾರಿಸುತ್ತಿದ್ದವಳು ರೂತವ್ವ. ಗಂಡನಿಲ್ಲ, ಮಕ್ಕಳಿಲ್ಲ. ನೆರೆ ಬಂದಾಗ ಅವಳ ಕೆಲಸ ಹೆಚ್ಚುತ್ತಿತ್ತು. ಮಳೆಯಲ್ಲಿ ದಂಡೆ ಕಾಣದ ಹರಿಗೋಲಿನವರು ಅವಳ ಗಂಟೆಯ ಸದ್ದು ಹಿಡಿದೇ ದಡ ಸೇರಬೇಕು. ಕೊನೆಯ ಹರಿಗೋಲು ಬರುವವರೆಗೆ ಗಂಟೆ ನಿಲ್ಲಬಾರದು. ಅದಕ್ಕಾಗಿ ಬಾಗಿಲ ಕಮಾನಿನ ಕೆಳಗೆ, ಗೆರೆಗಿಂತ ಒಂದು ಗೇಣು ಮೇಲೆ, ಅವಳು ಕೂರಲು ಹಲಗೆಯ ಅಟ್ಟ ಕಟ್ಟಿಕೊಡುತ್ತಿದ್ದರು.

ಪ್ರತಿ ಕ್ರಿಸ್ಮಸ್ಸಿಗೆ ಮೊದಲು ಗೋಡೆಗೆ ಮಣ್ಣು ಮೆತ್ತಿ ಸುಣ್ಣ ಬಳಿಯುವಾಗ ಗೆರೆ ಮುಚ್ಚಿಹೋಗುತ್ತಿತ್ತು. ಆಗ ಒಳಗೆ ತೂಗುಹಾಕಿದ್ದ ಫೋಟೋ ಇಳಿಸಿ ತಂದು, ಅದನ್ನು ನೋಡಿ ಗೆರೆಯನ್ನು ಮತ್ತೆ ಎಳೆಯುವುದು ರೂಢಿ. ಆ ಹಳೆಯ ನೆರೆಯ ದಿನ ಯಾರೋ ಪಾದ್ರಿ ಹರಿಗೋಲಿನಲ್ಲಿ ಕೂತು ತೆಗೆದ ಫೋಟೋ ಅದು. ನೀರು ಕಿಟಕಿಯ ನಡುವಿನ ಅಡ್ಡಪಟ್ಟಿಗೆ ಬಂದು ನಿಂತಿದೆ. ರೂತವ್ವನ ಕಣ್ಣಿಗೆ ಪೊರೆ ಬಂದಿದ್ದರಿಂದ ಒಂದು ವರ್ಷ ಫೋಟೋ ನೋಡಿ ಜಾಗ ತೋರಿಸುವ ಕೆಲಸ ನನ್ನದಾಯಿತು. ನನಗಾಗ ಒಂಬತ್ತು. ಅದಕ್ಕೆ ಅವಳು ಎರಡು ಕರ್ಚಿಕಾಯಿ ಕೊಟ್ಟಳು. ಹಸಿ ಸುಣ್ಣದ ವಾಸನೆ ಬಂದರೆ ನನ್ನ ಬಾಯಲ್ಲಿ ಈಗಲೂ ಏಲಕ್ಕಿ ಬೆಲ್ಲದ ರುಚಿ ಏಳುತ್ತದೆ, ನಾನು ಹೋಗಿ ಬಾಯಿ ಮುಕ್ಕಳಿಸುತ್ತೇನೆ.

ಆ ಫೋಟೋದಲ್ಲಿ ಕಮಾನಿನ ಕೆಳಗೆ, ಎದೆಮಟ್ಟದ ನೀರಿನಲ್ಲಿ, ಒಬ್ಬ ಹೆಂಗಸು ನಿಂತಿದ್ದಳು. ಸೆರಗು ಕಾಣುತ್ತಿತ್ತು, ಕೂದಲು ಕಾಣುತ್ತಿತ್ತು, ಮುಖ ಇರಲಿಲ್ಲ. ಮುಖದ ಜಾಗದಲ್ಲಿ ಬಿಳಿ ಹೊಗೆ. ಅಂದಿನಿಂದ ಅವಳು ನನ್ನ ಬೆನ್ನುಹತ್ತಿದಳು. ಚರ್ಚಿನ ಬಯಲಲ್ಲಿ ಚಿಣಿಫಣಿ ಆಡುವಾಗ ಚಿಣಿ ಆ ಕಿಟಕಿಯತ್ತ ಹಾರಿದರೆ ನಾನು ತರಲು ಹೋಗುತ್ತಿರಲಿಲ್ಲ. ಹನಮ್ಯಾನ ಚಡ್ಡಿ ತೊಯ್ದೈತಿ ನೋಡ್ರಲೇ ಎಂದು ಗೆಳೆಯರು ನಗುತ್ತಿದ್ದರು. ಅವಳು ಮುಳುಗಿ ಸತ್ತವಳು, ಆ ಫೋಟೋ ಅಲ್ಲಿರುವವರೆಗೆ ಹೊಳೆ ಅವಳನ್ನು ಹುಡುಕಿಕೊಂಡು ಬಂದೇ ಬರುತ್ತದೆ ಎಂದು ನನ್ನೊಳಗೆ ಗಟ್ಟಿಯಾಯಿತು.

ಮರುವರ್ಷ ಸುಣ್ಣ ಬಳಿಯುವ ಹಿಂದಿನ ದಿನ, ರೂತವ್ವ ನೀರಿಗೆ ಹೋದದ್ದು ನೋಡಿ, ಫೋಟೋ ಇಳಿಸಿ ನಮ್ಮ ಹುಲ್ಲಿನ ಬಣವೆಯೊಳಗೆ ತುರುಕಿದೆ.

ಎಲ್ಲರೂ ಹುಡುಕಿದರು. ಕಿಟಕಿ ತೆರೆದಿತ್ತು, ಮಂಗ್ಯಾ ಒಯ್ದಿರಬೇಕು ಅಂದರು. ರೂತವ್ವ ನನ್ನ ಕೈ ಹಿಡಿದು ಗೋಡೆಯ ಹತ್ತಿರ ಕರೆದೊಯ್ದಳು. "ಹ್ವಾದ ವರ್ಷ ನೀನ ನೋಡಿದ್ದೆಲ್ಲೋ ನಮ್ಮಪ್ಪ. ನಿನ್ನ ಕಣ್ಣ ನಂದೂ ಅಂತ ತಿಳಕೋ. ತೋರಸು."

ನನಗೆ ಜಾಗ ಚೆನ್ನಾಗಿ ಗೊತ್ತಿತ್ತು. ಆದರೆ ಗೆರೆ ಕೆಳಗಿದ್ದರೆ ಹೊಳೆಯೂ ಅಷ್ಟಕ್ಕೇ ನಿಲ್ಲುತ್ತದೆ ಅನ್ನಿಸಿತು. ಅಡ್ಡಪಟ್ಟಿ ಬಿಟ್ಟು, ಒಂದು ಮೊಳ ಕೆಳಗೆ, ಕಿಟಕಿಯ ಬುಡಕ್ಕೆ ಬೆರಳಿಟ್ಟೆ.

ಹರಿಗೋಲು ಹಾಕುವ ದ್ಯಾಮಣ್ಣ ಹುಬ್ಬು ಗಂಟಿಕ್ಕಿದ. "ಇಷ್ಟ ಕೆಳಗಿತ್ತೇನಲೇ?"

"ಹೌದ್ರಿ."

ಕೆಮ್ಮಣ್ಣಿನ ಗೆರೆ ಅಲ್ಲಿಯೇ ಬಿತ್ತು.

ಮುಂದಿನ ಮಳೆಗಾಲ ಡ್ಯಾಮಿನ ಗೇಟು ತೆಗೆದರೆಂಬ ಸುದ್ದಿ ಬೆಳಿಗ್ಗೆಯೇ ಬಂತು. ಹೊಳೆಯ ಸದ್ದು ಬದಲಾಗಿತ್ತು. ನೆಲದೊಳಗೆ ಬಂಡಿ ಉರುಳಿದ ಹಾಗೆ. ಹೊಳೆಯ ನಡುವಿನ ಗಡ್ಡೆಯ ಗದ್ದೆಗಳಲ್ಲಿದ್ದವರನ್ನು ಕರೆತರಲು ಹರಿಗೋಲುಗಳು ಹೊರಟವು. ಅಪ್ಪ ಅಟ್ಟ ಕಟ್ಟುತ್ತಿದ್ದ, ನಾನು ಹಗ್ಗದ ಸುರುಳಿ ಹಿಡಿದು ನಿಂತಿದ್ದೆ. ಅಪ್ಪ ಹೊಳೆಯತ್ತ ನೋಡಿ, "ರೂತವ್ವ, ಈ ಸಲ ಒಂದೀಟು ಮ್ಯಾಲ ಕಟ್ಟೂನೇನು?" ಎಂದ.

"ಗೆರಿ ಐತೆಲ್ಲಪ್ಪ. ಇನ್ನೂ ಮ್ಯಾಲ ಅಂದ್ರ ನನ್ನ ಮಣಕಾಲು ಒಲ್ಲೆ ಅಂತಾವ."

ಆಗ ನಾನು ಬಾಯಿ ತೆರೆದೆ. ಅಪ್ಪ ನನ್ನತ್ತ ತಿರುಗಿ, ಏನೋ, ಅಂದ. ಹೊಡೆದರೆ ಬಾಸುಂಡೆ ಏಳುವ ಅವನ ಕೈ ನೋಡಿದೆ. ಕದ್ದದ್ದು ಹೇಳದೆ ಗೆರೆಯ ಮಾತು ಹೇಳುವ ಹಾಗಿರಲಿಲ್ಲ. ಏನಿಲ್ಲ ಅಂದೆ. ಆ ಒಂದು ಮಾತನ್ನು ಹೇಳಿಕೊಳ್ಳಲೆಂದೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ನಮ್ಮನ್ನೆಲ್ಲ ದಿಬ್ಬದ ಮೇಲಿನ ಸಾಲೆಗೆ ಸೇರಿಸಿದ್ದರು. ಅಲ್ಲಿಗೆ ಗಂಟೆ ಕೇಳುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಎರಡು ಬಡಿತಗಳ ನಡುವಿನ ಬಿಡುವು ಉದ್ದವಾಯಿತು. ಪ್ರತಿ ಬಿಡುವಿನಲ್ಲೂ ನಾನು ಉಸಿರು ಹಿಡಿಯುತ್ತಿದ್ದೆ. ಅವ್ವ ತಟ್ಟೆಗೆ ಹಾಕಿದ ರೊಟ್ಟಿ ಹಾಗೆಯೇ ಒಣಗಿತು. ಕೊನೆಯ ಹರಿಗೋಲು ಬಂದ ಮೇಲೆ ಗಂಟೆ ನಿಂತಿತು.

ದ್ಯಾಮಣ್ಣ ರೂತವ್ವನನ್ನು ಹೊತ್ತು ತಂದ. ಅಟ್ಟದ ಮೇಲೆ ಸೊಂಟದವರೆಗಿನ ನೀರಿನಲ್ಲಿ ಅರ್ಧ ದಿನ ಕೂತಿದ್ದಳು. ಸೆಳೆತಕ್ಕೆ ಜಾರಬಾರದೆಂದು ಗಂಟೆಯ ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಂಡಿದ್ದಳು. ಅಲ್ಲಿ ಚರ್ಮ ಸುಲಿದಿತ್ತು. ಚಳಿಜ್ವರ ಬಿಡಲೇ ಇಲ್ಲ. ಒಂಬತ್ತನೆಯ ದಿನ ತೀರಿಕೊಂಡಳು. ಹಿಂದಿನ ದಿನ ಅಪ್ಪ ನನ್ನನ್ನು ಅವಳ ಹತ್ತಿರ ಕೂರಿಸಿದಾಗ, "ಹುಡುಗಂದೇನ ತಪ್ಪಿಲ್ಲೋ ಯಪ್ಪಾ, ಹೊಳಿನ ಈ ಸಲ ಗೆರಿ ಮೀರಿ ಬಂತು" ಎಂದಳು. ಆಗಲೂ ನಾನು ಬಾಯಿಬಿಡಲಿಲ್ಲ.

ಅವಳು ಜ್ವರದಲ್ಲಿ ಮಲಗಿದ್ದಾಗಲೇ ನೀರು ಇಳಿದಿತ್ತು. ನೋಡಿದರೆ, ಮೆತ್ತಿದ ಮಣ್ಣು ಕಳಚಿ ಒಳಗಿನ ಹಳೆಯ ಗೆರೆ ಕಾಣುತ್ತಿತ್ತು. ಈ ಸಲದ ನೀರು ಸರಿಯಾಗಿ ಅಲ್ಲಿಗೇ ಬಂದು ನಿಂತಿತ್ತು, ಒಂದು ಕೂದಲೆಳೆಯೂ ಮೇಲಿಲ್ಲ. ಸಣ್ಣ ಹುಡುಗ, ಮರೆತಿದ್ದಾನೆ ಎಂದರು ಜನ. ಬಣವೆಯನ್ನು ಹೊಳೆ ಒಯ್ದಿತ್ತು, ಫೋಟೋ ಸಮೇತ.

ಮೊನ್ನೆ ಮೊಮ್ಮಗಳು ಮೊಬೈಲಿನಲ್ಲಿ ನೆರೆಗೆ ಸಿಕ್ಕ ಹಳೆಯ ಚರ್ಚುಗಳ ಫೋಟೋಗಳನ್ನು ತೋರಿಸುತ್ತಿದ್ದಳು. ಒಂದು ಬಂದಾಗ ಅವಳ ಬೆರಳನ್ನು ತಡೆದೆ, ಅದು ನಮ್ಮ ಚರ್ಚು. ಪಾದ್ರಿ ತೆಗೆದ ಆ ಫೋಟೋದ ಇನ್ನೊಂದು ಪ್ರತಿ ಎಲ್ಲಿಯೋ ಉಳಿದಿತ್ತು. ಅವಳು ಎರಡು ಬೆರಳಲ್ಲಿ ಎಳೆದು ಮುಖವಿಲ್ಲದ ಹೆಂಗಸನ್ನು ದೊಡ್ಡದು ಮಾಡಿದಳು. ಹೆಂಗಸಿನ ಕೈಯಲ್ಲಿ ಹಗ್ಗವಿತ್ತು. ಸತ್ತವಳಲ್ಲ ಅವಳು, ಗಂಟೆ ಬಾರಿಸುತ್ತಿದ್ದವಳು. ಹಗ್ಗ ಎಳೆಯುವಾಗ ತಲೆ ಅಲುಗಿದ್ದಕ್ಕೆ ಮುಖ ಮೂಡಿರಲಿಲ್ಲ.

ಈಗ ಆ ಚರ್ಚಿಲ್ಲ, ಗೋಡೆಯಿಲ್ಲ. ಗೇಟು ತೆಗೆದರೆ ಮೊಬೈಲಿಗೆ ಸುದ್ದಿ ಬರುತ್ತದೆ. ನಮಗೋಸ್ಕರ ನೀರಿನಲ್ಲಿ ಕೂರುವವರು ಯಾರೂ ಇಲ್ಲ.

"ನೀರು ಎಲ್ಲೀತನ ಬಂದಿತ್ತಜ್ಜ?" ಎಂದು ಮೊಮ್ಮಗಳು ಕೇಳಿದಳು.

ಕಿಟಕಿಯ ಅಡ್ಡಪಟ್ಟಿಯ ಮೇಲೆ ಬೆರಳಿಟ್ಟು ತೋರಿಸಿದೆ. "ಇಲ್ಲೀತನ, ತಂಗಿ. ಇಲ್ಲೀತನ."