ಫಸ್ಟ್ ಬಂದ ಸಮುದ್ರ

ಟೀವಿಯಲ್ಲಿ ‘ದೇಶದ ಹತ್ತು ಅತ್ಯುತ್ತಮ ಬೀಚುಗಳು’ ಎಂದು ಶುರುವಾದರೆ ನಾನು ಎದ್ದು ಹಿತ್ತಲಿಗೆ ಹೋಗಿಬಿಡುತ್ತೇನೆ. ಮನೆಯವರು ವಯಸ್ಸಾಯಿತು ಎಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ಹತ್ತನೆಯದು, ಒಂಬತ್ತನೆಯದು ಎಂದು ಇಳಿಸುತ್ತಾ ಬಂದು ಕೊನೆಗೆ ಒಂದನೆಯದನ್ನು ತೋರಿಸುತ್ತಾರಲ್ಲ, ಅದಕ್ಕೆ ಅಂಕ ಹಾಕಿದವರು ಯಾರು, ಅವರು ಅಲ್ಲಿಗೆ ಹೋಗಿದ್ದರೇ ಎಂದು ಯಾರೂ ಹೇಳುವುದಿಲ್ಲ. ಅಂಥ ಒಂದು ಪಟ್ಟಿ ತಯಾರಾದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದರ ಮೊತ್ತ ಕೂಡಿದವನೇ ನಾನು.

ಐವತ್ತಾರನೆಯ ಇಸವಿಯ ನವೆಂಬರಿಗೆ ಮುಂಚೆ ನಮ್ಮ ಮೈಸೂರು ರಾಜ್ಯಕ್ಕೆ ಸಮುದ್ರವೇ ಇರಲಿಲ್ಲ. ಕೆರೆಗಳಿದ್ದವು, ಬೇಕಾದಷ್ಟು. ರಾಜ್ಯಗಳನ್ನು ಹೊಸದಾಗಿ ವಿಂಗಡಿಸಿದ ಮೇಲೆ ಪಡುವಣದ ಉದ್ದಕ್ಕೂ ಒಂದು ಕಡಲು ನಮ್ಮ ಪಾಲಿಗೆ ಬಂತು. ಜಯನಗರದ ನಮ್ಮ ಮಿಡ್ಲ್ ಸ್ಕೂಲಿನಲ್ಲಿ ಇದರಿಂದ ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ಭೂಗೋಳದ ಮೇಷ್ಟ್ರು ಚಕ್ರಪಾಣಿ. ಹಳೆಯ ನಕ್ಷೆಯ ಎಡಕ್ಕೆ ಒಂದು ಹಾಳೆ ಅಂಟಿಸಿ, ನೀಲಿ ಪೆನ್ಸಿಲಿನಲ್ಲಿ ತಾವೇ ಸಮುದ್ರ ಬರೆದರು. ಪಕ್ಕದ ಕ್ಲಾಸಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ ನನ್ನನ್ನು ಕರೆದು ಅದನ್ನು ತೋರಿಸಿದರು.

ಅವರು ಸಮುದ್ರ ನೋಡಿರಲಿಲ್ಲ. ನೋಡುವಂತೆಯೂ ಇರಲಿಲ್ಲ, ಏಕೆಂದರೆ ಬಸ್ಸು ಹತ್ತಿದರೆ ಅವರಿಗೆ ವಾಂತಿ. ವಿಲ್ಸನ್ ಗಾರ್ಡನ್ನಿನ ಭಾವಮೈದುನನ ಮನೆಗೆ ಹೋಗುವಾಗಲೂ ಅವರ ಹೆಂಡತಿ ಅಲಮೇಲು ಗಂಡನ ಕೈಯಲ್ಲಿ ಒಂದು ನಿಂಬೆಹಣ್ಣು ಇಟ್ಟು ಕಳಿಸುತ್ತಿದ್ದರು. ಘಟ್ಟ ಇಳಿಯುವ ಮಾತು ದೂರವೇ ಉಳಿಯಿತು. ಹಾಗಿದ್ದೂ ಅಲೆ ಹೇಗೆ ಏಳುತ್ತದೆ, ಭರತ ಇಳಿತ ಏಕೆ ಆಗುತ್ತವೆ ಎಂದು ಅವರು ಪಾಠ ಮಾಡಿದರೆ ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದವು. ಒಳ್ಳೆಯ ಮೇಷ್ಟ್ರು, ಒಳ್ಳೆಯ ಮನುಷ್ಯ. ಒಂದೇ ಒಂದು ದೌರ್ಬಲ್ಯ, ಅದು ಇಡೀ ಸ್ಕೂಲಿಗೆ ಗೊತ್ತಿತ್ತು. ಅಕ್ಷರ ಗುಂಡಗಿದ್ದ ಹುಡುಗನಿಗೆ ಉತ್ತರ ಹೇಗೇ ಇರಲಿ, ಐದು ಅಂಕ ಮೇಲೆ.

ಅರವತ್ತೊಂದರಲ್ಲಿ ಅವರಿಗೆ ರೇಡಿಯೋದಿಂದ ಒಂದು ಕಾಗದ ಬಂತು. ಹತ್ತು ನಿಮಿಷದ ಭಾಷಣ, ‘ನಮ್ಮ ಹೊಸ ಕರಾವಳಿಯ ಹತ್ತು ಸುಂದರ ತೀರಗಳು’. ಒಂದರಿಂದ ಹತ್ತರವರೆಗೆ ಕ್ರಮವಾಗಿ ಹೇಳಿದರೆ ಕೇಳುವವರಿಗೆ ಹಿಡಿಸುತ್ತದೆ ಎಂದೂ ಬರೆದಿದ್ದರು. ತಾವು ಸಮುದ್ರ ನೋಡಿಲ್ಲ ಎಂದು ಚಕ್ರಪಾಣಿ ಉತ್ತರ ಬರೆಯಬಹುದಿತ್ತು. ಬರೆಯಲಿಲ್ಲ. ಕಡಲ ದಂಡೆಯ ಹದಿನಾಲ್ಕು ಸ್ಕೂಲುಗಳ ಮೇಷ್ಟ್ರುಗಳಿಗೆ ಜವಾಬಿ ಕಾರ್ಡು ಹಾಕಿ, ನಿಮ್ಮ ಊರಿನ ತೀರ ಹೇಗಿದೆ ತಿಳಿಸಿ ಎಂದು ಕೇಳಿದರು. ಹನ್ನೊಂದು ಉತ್ತರ ಬಂದವು. ಒಂದು ಭಾನುವಾರ ನನ್ನನ್ನು ಮನೆಗೆ ಕರೆಸಿ, ಪರೀಕ್ಷೆಯ ಪೇಪರು ತಿದ್ದುವಂತೆ ಕೆಂಪು ಶಾಯಿ ಹಿಡಿದು ಕೂತರು. ಮರಳಿಗೆ ಇಪ್ಪತ್ತೈದು, ಅಲೆಗೆ ಇಪ್ಪತ್ತೈದು, ನೋಟಕ್ಕೆ ಇಪ್ಪತ್ತೈದು, ಊಟ ವಸತಿಗೆ ಇಪ್ಪತ್ತೈದು. ಅವರು ಅಂಕ ಹಾಕುತ್ತಾ ಹೋದರು, ನಾನು ಕೂಡುತ್ತಾ ಹೋದೆ.

ಪಡುತೋಟ ಎಂಬ ಊರಿಗೆ ಎಂಬತ್ತೊಂದು ಬಂತು. ಬಸ್ಸು ಇಳಿದು ತೆಂಗಿನ ತೋಟ ದಾಟಿದರೆ ನಾಲ್ಕು ಹೆಜ್ಜೆಗೆ ಸಮುದ್ರ ಎಂದು ಅಲ್ಲಿಯ ಮೇಷ್ಟ್ರು ಕಾಗೆ ಕಾಲು ಅಕ್ಷರದಲ್ಲಿ ಗೀಚಿದ್ದರು. ಕಾರ್ಡಿನ ಮೇಲೆ ಶಾಯಿ ಬೇರೆ ಚೆಲ್ಲಿತ್ತು. ಬೆಳ್ಳಿಕೋಡಿ ಎಂಬ ಊರಿಗೆ ಎಪ್ಪತ್ತೊಂಬತ್ತು. ಆ ಕಾರ್ಡಿನ ಅಕ್ಷರ ಅಚ್ಚು ಹಾಕಿದಂತಿತ್ತು. ದೋಣಿಯಲ್ಲಿ ಹೊಳೆ ದಾಟಿ, ಅರ್ಧ ಮೈಲಿ ಮರಳ ದಿಬ್ಬ ನಡೆದು ಹತ್ತಿದರೆ ಎದುರಿಗೆ ಬೆಳ್ಳಿಯಂಥ ತೀರ ಎಂದು ಬರೆದಿತ್ತು. ಹೊಳೆ, ದೋಣಿ, ದಿಬ್ಬ, ಇವಕ್ಕೆಲ್ಲ ಚಕ್ರಪಾಣಿ ನೋಟದ ಕಾಲಮ್ಮಿನಲ್ಲಿ ಅಂಕ ಕೊಟ್ಟಾಗಿತ್ತು. ಕಾರ್ಡನ್ನು ಇನ್ನೊಮ್ಮೆ ಕೈಗೆತ್ತಿಕೊಂಡು ನೋಡಿ ಐದು ಸೇರಿಸಿದರು.

ಇದು ಆ ಮೇಷ್ಟ್ರ ಅಕ್ಷರ, ಸಮುದ್ರದ್ದಲ್ಲವಲ್ಲ ಎಂದೆ. “ಇಷ್ಟು ಚೆನ್ನಾಗಿ ಬರೆಯೋನು ಸುಳ್ಳು ಬರೆಯಲ್ಲ ಕಣಯ್ಯ” ಎಂದರು. ನಾನು ನಕ್ಕು, ಎಂಬತ್ತನಾಲ್ಕು ಎಂದು ಬರೆದೆ. ಹಾಗೆ ಬೆಳ್ಳಿಕೋಡಿ ಫಸ್ಟ್ ಬಂತು, ಪಡುತೋಟ ಸೆಕೆಂಡ್ ಆಯಿತು.

ಭಾಷಣದ ಸಂಜೆ ಜಯನಗರದ ಪಾರ್ಕಿನಲ್ಲಿ ಎಂದಿಗಿಂತ ಹೆಚ್ಚು ಜನ. ಮನೆಯಲ್ಲಿ ರೇಡಿಯೋ ಇಲ್ಲದವರು ಪಾರ್ಕಿನ ಲೌಡ್‌ಸ್ಪೀಕರಿನ ಕೆಳಗೆ ಕಡಲೆಕಾಯಿ ಸುಲಿಯುತ್ತಾ ಕೂತು ಕೇಳುತ್ತಿದ್ದ ಕಾಲ ಅದು. ಚಕ್ರಪಾಣಿಯವರ ದನಿ ತುಂಬಾ ಚೆನ್ನಾಗಿ ಬಂತು. ಬೆಳ್ಳಿಕೋಡಿಯ ಮರಳಿನ ಮೇಲೆ ಬೆಳಗಿನ ಬಿಸಿಲು ಬೀಳುವುದನ್ನು ಅವರು ಹೇಳಿದ ರೀತಿಗೆ, ಅವರು ನಿನ್ನೆ ತಾನೆ ಅಲ್ಲಿಂದ ಬಂದಿದ್ದಾರೆ ಎಂದು ನನಗೂ ಅನ್ನಿಸಿತು. ನೋಡಿದ್ದೇನೆ ಎಂದು ಅವರು ಹೇಳಲಿಲ್ಲ. ನೋಡಿಲ್ಲ ಎಂದೂ ಹೇಳಲಿಲ್ಲ.

ಆ ಜನರ ನಡುವೆ ಪಕ್ಕದ ಊರು ಬೈರಸಂದ್ರದ ಚಿಕ್ಕಬೈರಪ್ಪ ಮತ್ತು ಅವನ ಹೆಂಡತಿ ಗೌರಮ್ಮ ಇದ್ದರು. ಚಿಕ್ಕಬೈರಪ್ಪ ಮೊದಲು ಅಲ್ಲಿಯ ಕೆರೆಯ ನೀರುಗಂಟಿ. ತೂಬು ತೆಗೆದು ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಸರದಿಯಂತೆ ಬಿಡುವುದು ಅವನ ಕೆಲಸ. ಗದ್ದೆಗಳೆಲ್ಲ ಸೈಟುಗಳಾಗಿ ಜಯನಗರ ಎದ್ದ ಮೇಲೆ ನೀರು ಬಿಡುವುದಕ್ಕೆ ಗದ್ದೆಯೇ ಇರಲಿಲ್ಲ. ಗೌರಮ್ಮ ಮದುವೆಯಾಗಿ ಬಂದಂದಿನಿಂದ ಆ ಕೆರೆಯ ಏರಿಯ ಮೇಲೆ ಗಂಡನಿಗೆ ಬುತ್ತಿ ಹೊತ್ತವಳು. ಎದುರು ದಡ ಕಾಣದ ನೀರು ಅಂತ ಒಂದಿದೆಯಂತೆ, ಸಾಯುವುದರೊಳಗೆ ಅದನ್ನು ಒಮ್ಮೆ ನೋಡಬೇಕು ಎನ್ನುವುದು ಅವಳ ಬಹಳ ದಿನದ ಆಸೆ. ಆಗ ಅವಳ ಕಾಲು ಬಾತಿತ್ತು, ನಾಲ್ಕು ಮೆಟ್ಟಿಲು ಹತ್ತಿದರೆ ಉಬ್ಬಸ. ಎದೆ ಸೋತಿದೆ, ಹೆಚ್ಚು ದಿನ ತಳ್ಳುವುದಿಲ್ಲ ಎಂದು ಡಾಕ್ಟರು ಚಿಕ್ಕಬೈರಪ್ಪನಿಗೆ ಹೇಳಿದ್ದರು.

ಮರುದಿನ ಅವನು ಸ್ಕೂಲಿಗೆ ಬಂದ. ಚಕ್ರಪಾಣಿ ಮತ್ತು ನಾನು ಬೇವಿನ ಮರದ ಕೆಳಗೆ ನಿಂತಿದ್ದೆವು. ಹೆಂಡತಿಯ ಕಾಲಿನ ವಿಷಯ, ಉಸಿರಿನ ವಿಷಯ ಎಲ್ಲ ಹೇಳಿದ.

“ಒಂದೇ ಒಂದು ಕಿತ ತೋರಿಸ್ಬೇಕು ಮೇಷ್ಟ್ರೇ. ಇನ್ನೊಂದು ದಪ ಹೋಗೋ ಶಕ್ತಿ ಅವಳಿಗಿಲ್ಲ. ಆ ಹತ್ತರಾಗೆ ಯಾವುದಕ್ಕೆ ಕರ್ಕೊಂಡ್ ಹೋಗ್ಲಿ, ನೀವೇ ಹೇಳಿ.”

“ಒಂದೇ ಸಲ ಅಂದ್ಮೇಲೆ ಸೆಕೆಂಡ್ ಬಂದಿರೋದಕ್ಕೆ ಯಾಕೆ ಹೋಗ್ತೀಯಪ್ಪ? ಫಸ್ಟ್ ಬಂದಿರೋದಕ್ಕೇ ಹೋಗು.”

ಇಷ್ಟೇ ಮಾತು. ನಾನು ಅಲ್ಲೇ ಇದ್ದೆ. ಕಾರ್ಡಿನಲ್ಲಿ ದೋಣಿ, ದಿಬ್ಬ ಎಂದೆಲ್ಲ ಇದ್ದದ್ದು ನನ್ನ ತಲೆಗೆ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆಯಿತು. ಆದರೆ ರೇಡಿಯೋದಲ್ಲಿ ಮಾತಾಡಿ ಬಂದ ಮೇಷ್ಟ್ರ ಎದುರಿಗೆ, ಅವರು ಅಷ್ಟು ಗೆಲುವಾಗಿದ್ದ ದಿನ, ಬಾಯಿ ಹಾಕಲು ಸಂಕೋಚವಾಯಿತು. ಆ ಸಂಕೋಚಕ್ಕೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಸಂಕ್ರಾಂತಿ ಕಳೆದು ಗಂಡ ಹೆಂಡತಿ ಹೊರಟರು. ಎಂಟನೆಯ ದಿನ ಚಿಕ್ಕಬೈರಪ್ಪ ಒಬ್ಬನೇ ಸ್ಕೂಲಿನ ಹತ್ತಿರ ಬಂದು ನಮ್ಮಿಬ್ಬರಿಗೂ ನಡೆದದ್ದನ್ನು ಹೇಳಿದ. ಅವನ ದನಿಯಲ್ಲಿ ದೂರೇನೂ ಇರಲಿಲ್ಲ. ಎರಡು ದಿನ ಬಸ್ಸಿನಲ್ಲಿ ಕೂತು ಬೆಳ್ಳಿಕೋಡಿಯ ಹೊಳೆಯ ದಡ ಮುಟ್ಟಿದಾಗ ಇಳಿತದ ಹೊತ್ತು. ದೋಣಿ ದಡಕ್ಕೆ ಬರದೆ ಸ್ವಲ್ಪ ದೂರ ನೀರಿನಲ್ಲೇ ನಿಂತಿತ್ತು. ಮೊಣಕಾಲುದ್ದದ ಕೆಸರು ತುಳಿದು ಹೋಗಿ ಹತ್ತಬೇಕು. ಗೌರಮ್ಮ ನಾಲ್ಕು ಹೆಜ್ಜೆ ಇಟ್ಟು ಉಸಿರು ಸಿಕ್ಕಿ ಕೂತುಬಿಟ್ಟಳು. ಭರತ ಬಂದು ನೀರು ಏರಿದ ಮೇಲೆ ದಾಟಿಸಬಹುದಿತ್ತು. ಆದರೆ ಆಚೆ ಅರ್ಧ ಮೈಲಿ ಸುಡುವ ಮರಳು ಇದೆ ಎಂದು ದೋಣಿಯವನು ಹೇಳಿದ. ನಾನೇ ಹೊತ್ತುಕೊಂಡು ಹೋಗುತ್ತೇನೆ ಎಂದು ಇವನು ಹೇಳಿದರೆ ಅವಳು ಒಪ್ಪಲಿಲ್ಲ, ಅರವತ್ತು ದಾಟಿದ ಗಂಡ ಮರಳಿನಲ್ಲಿ ಬಿದ್ದರೆ ಎತ್ತುವವರಾರು ಎಂದಳಂತೆ. ಈಚೆ ದಡದ ಒಂದು ಮರದ ಕೆಳಗೆ ಮಧ್ಯಾಹ್ನವೆಲ್ಲ ಕೂತಿದ್ದರು. ದಿಬ್ಬದ ಆಚೆಯಿಂದ ಸದ್ದು ಮಾತ್ರ ಬರುತ್ತಿತ್ತು.

ನೀನಾದರೂ ಹೋಗಿ ನೋಡಿಕೊಂಡು ಬರಬಾರದಿತ್ತೇ ಎಂದು ನಾನು ಕೇಳಿದೆ.

“ಅವಳು ನೋಡ್ದೆ ನಾನ್ ನೋಡಿ ಏನ್ ಮಾಡ್ಲಿ ಸಾಮಿ?”

ಇನ್ನೊಂದು ಸಂಗತಿಯನ್ನು ಅವನು ಸಹಜವಾಗಿ ಹೇಳಿದ, ಅದು ನಮ್ಮಿಬ್ಬರನ್ನೂ ಚುಚ್ಚಿತು. ಹೋಗುವಾಗ ಅವರ ಬಸ್ಸು ಪಡುತೋಟದಲ್ಲಿ ಕಾಲು ಗಂಟೆ ನಿಂತಿತ್ತು. ಸಮುದ್ರ ಇಲ್ಲೇ ತೋಟದ ಹಿಂದೆ ಇದೆ, ನೋಡುವವರು ನೋಡಿಕೊಂಡು ಬನ್ನಿ ಎಂದು ಕಂಡಕ್ಟರ್ ಹೇಳಿದ್ದ. ಗೌರಮ್ಮ ಇಳಿಯಲು ಎದ್ದಿದ್ದಳು. ಇವನೇ, ಇದು ಎರಡನೇದು, ಮೊದಲನೇದು ಮುಂದೆ ಇದೆ, ಮೊದಲು ಅದನ್ನೇ ನೋಡು ಎಂದು ಕೂರಿಸಿದ. ಬರುವಾಗ ಅವಳು ಅವನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು, ಎಬ್ಬಿಸುವ ಸ್ಥಿತಿ ಇರಲಿಲ್ಲ.

ಚಕ್ರಪಾಣಿ ಆ ದಿನ ಪಾಠ ಮಾಡಲಿಲ್ಲ. ಮುಂದಿನ ಭಾನುವಾರ ಕಿತ್ತಳೆಹಣ್ಣು ತೆಗೆದುಕೊಂಡು, ನನ್ನನ್ನೂ ಜೊತೆಗೆ ಕರೆದುಕೊಂಡು ಬೈರಸಂದ್ರಕ್ಕೆ ಹೋದರು. ತಪ್ಪಾಯಿತು ಎಂದು ಹೇಳಬೇಕು, ತಾವು ಆ ಊರನ್ನು ಕಂಡೇ ಇಲ್ಲ ಎಂದು ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ನನ್ನ ಹತ್ತಿರ ಹೇಳುತ್ತಾ ಬಂದರು. ಗೌರಮ್ಮ ಗೋಡೆಗೆ ಒರಗಿ ಕೂತಿದ್ದಳು. ಇವರನ್ನು ಕಂಡು ಮುಖ ಅರಳಿತು. ಇವರು ಬಾಯಿ ತೆರೆಯುವುದಕ್ಕೆ ಮುಂಚೆ ಅವಳೇ ಶುರು ಮಾಡಿದಳು.

“ನೀವು ನೋಡಿದೀರಲ್ಲ ಮೇಷ್ಟ್ರೇ, ಹೆಂಗದೆ ಅಂತ ಒಸಿ ಹೇಳಿ. ನಾನು ಸದ್ದೊಂದೇ ಕೇಳಿದ್ದು.”

ನಾನು ಅವರ ಮುಖ ನೋಡಿದೆ. ಈಗ ಹೇಳುತ್ತಾರೆ ಎಂದುಕೊಂಡೆ. ಆದರೆ ಆ ಹೆಂಗಸು ಅಷ್ಟು ಆಸೆಯಿಂದ ಕೇಳುವಾಗ ಇಲ್ಲ ಎನ್ನಲು ಅವರಿಗೆ ಬಾಯಿ ಬರಲಿಲ್ಲ. ಹೇಳತೊಡಗಿದರು. ನೀಲಿ ಬಣ್ಣ, ಬೆಳ್ಳಿ ಮರಳು, ಸಾಲು ಸಾಲು ನೊರೆ, ರೇಡಿಯೋದಲ್ಲಿ ಹೇಳಿದ್ದೆಲ್ಲವನ್ನೂ ಇನ್ನೂ ಚೆನ್ನಾಗಿ ಹೇಳಿದರು. ಅವಳು ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ಒಂದು ಪ್ರಶ್ನೆ ಕೇಳಿದಳು.

“ಗಾಳಿ ನಿಂತಾಗ ಅದರ ಸದ್ದೂ ನಿಲ್ತದಾ?”

ಹನ್ನೊಂದು ಕಾರ್ಡುಗಳಲ್ಲಿ ಒಂದರಲ್ಲೂ ಸದ್ದಿನ ವಿಷಯ ಇರಲಿಲ್ಲ. ಆದರೆ ಭೂಗೋಳದ ಪುಸ್ತಕದಲ್ಲಿ ಅಲೆ ಏಳುವುದು ಗಾಳಿಯಿಂದ ಎಂದಿತ್ತು. ಕೆರೆ ನೋಡಿ ಬೆಳೆದ ನಮ್ಮಂಥವರಿಗೆ ಅದರಲ್ಲಿ ಅನುಮಾನ ಪಡುವಂಥದೇನೂ ಇರಲಿಲ್ಲ.

“ನಿಲ್ಲದೆ ಏನಮ್ಮ? ಗಾಳಿ ಬಿದ್ದ ಮೇಲೆ ನಮ್ಮ ಕೆರೆ ಥರಾನೇ ಸುಮ್ಮನಾಗಿಬಿಡುತ್ತೆ.”

ಗೌರಮ್ಮ ಕಣ್ಣು ತೆರೆದು ಒಂದು ಗಳಿಗೆ ಅವರನ್ನೇ ನೋಡಿದಳು. ಹೌದಾ ಎಂದಳು. ಆಮೇಲೆ ಗಂಡನ ಕಡೆ ತಿರುಗಿ, ಮೇಷ್ಟ್ರಿಗೆ ಕಾಫಿ ಕೊಡು ಎಂದಳು. ನಾವು ಕಾಫಿ ಕುಡಿದು ಎದ್ದೆವು. ಬರುವ ದಾರಿಯಲ್ಲಿ ಚಕ್ರಪಾಣಿ, ಪಾಪ, ಅವಳಿಗೆ ಸಮಾಧಾನವಾಯಿತು ಅಲ್ಲವೇ ಎಂದು ಎರಡು ಸಲ ಕೇಳಿದರು. ಆಯಿತು ಎಂದೆ. ಆಷಾಢದಲ್ಲಿ ಗೌರಮ್ಮ ತೀರಿಕೊಂಡಳು.

ಮರುವರ್ಷ ರೇಡಿಯೋದವರು ಅದೇ ಭಾಷಣವನ್ನು ಮತ್ತೆ ಕೇಳಿದರು. ಚಕ್ರಪಾಣಿ ಹಳೆಯ ಕಾರ್ಡುಗಳನ್ನು ತೆಗೆದು, ‘ದಾರಿ’ ಎಂದು ಹೊಸ ಕಾಲಮ್ಮು ಹಾಕಿ, ಬೆಳ್ಳಿಕೋಡಿಗೆ ಹತ್ತು ಅಂಕ ಕಳೆದರು. ಅದು ನಾಲ್ಕನೆಯದಾಯಿತು, ಪಡುತೋಟ ಒಂದನೆಯದಾಯಿತು. ನಾನೇ ಮತ್ತೆ ಕೂಡಿಕೊಟ್ಟೆ. ಪಟ್ಟಿ ಸರಿಹೋಯಿತು, ಕೇಳಲು ಗೌರಮ್ಮ ಇರಲಿಲ್ಲ. ಚಿಕ್ಕಬೈರಪ್ಪ ಪಾರ್ಕಿಗೆ ಬರುವುದನ್ನೇ ಬಿಟ್ಟಿದ್ದ.

ಅರವತ್ತೇಳರಲ್ಲಿ, ಅವರು ರಿಟೈರ್ ಆಗುವ ವರ್ಷ, ಸ್ಕೂಲಿನ ಪ್ರವಾಸ ಕರಾವಳಿಗೆ ಹೊರಟಿತು. ಬರುವುದಿಲ್ಲ ಎನ್ನುತ್ತಿದ್ದ ಚಕ್ರಪಾಣಿ ಕೊನೆಯ ಗಳಿಗೆಯಲ್ಲಿ ಒಂದು ಚೀಲ ನಿಂಬೆಹಣ್ಣು ಹಿಡಿದುಕೊಂಡು ಬಂದು ಬಸ್ಸು ಹತ್ತಿದರು. ಘಟ್ಟದಲ್ಲಿ ಅವರು ಪಟ್ಟ ಪಾಡು ಬೇಡ. ಮಧ್ಯಾಹ್ನ ಪಡುತೋಟದಲ್ಲಿ ಇಳಿದೆವು. ತೋಟ ದಾಟಿದರೆ ನಾಲ್ಕು ಹೆಜ್ಜೆಗೆ ಸಮುದ್ರ. ಕಾಗೆ ಕಾಲಿನ ಅಕ್ಷರದ ಮೇಷ್ಟ್ರು ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಅಂದು ಗಾಳಿಯೇ ಇರಲಿಲ್ಲ. ತೆಂಗಿನ ಗರಿ ಅಲ್ಲಾಡುತ್ತಿರಲಿಲ್ಲ, ಎಳೆದಿಟ್ಟ ದೋಣಿಯ ಮೇಲೆ ಕಟ್ಟಿದ್ದ ಬಟ್ಟೆ ಜೋತುಬಿದ್ದಿತ್ತು. ಮಕ್ಕಳು ಕೂಗುತ್ತಾ ನೀರಿಗೆ ಓಡಿದರು. ಚಕ್ರಪಾಣಿ ನಿಂತಲ್ಲೇ ನಿಂತಿದ್ದರು. ಅವರು ಕಡಲನ್ನು ನೋಡುತ್ತಿರಲಿಲ್ಲ, ತಲೆ ತಗ್ಗಿಸಿ ಕೇಳುತ್ತಿದ್ದರು. ಒಂದು ಅಲೆ ಬಿದ್ದು ಮುಗಿಯುವುದರೊಳಗೆ ಇನ್ನೊಂದು ಬೀಳುತ್ತಿತ್ತು. ಬಹಳ ಹೊತ್ತಾದ ಮೇಲೆ ನನ್ನ ತೋಳು ಹಿಡಿದುಕೊಂಡರು.

“ಗಾಳಿ ಇಲ್ಲ. ಆದ್ರೂ ನಿಲ್ತಾ ಇಲ್ಲ ಕಣಯ್ಯ” ಎಂದರು. “ಅವತ್ತೂ ಅಲ್ಲಿ ಹೀಗೇ ಇದ್ದಿರಬೇಕು. ಅದಕ್ಕೇ ಹಾಗೆ ಕೇಳಿದ್ದು ಗೌರಮ್ಮ.”

ಊರಿಗೆ ಬಂದ ಮರುದಿನವೇ ನನ್ನನ್ನು ಜೊತೆಗಿಟ್ಟುಕೊಂಡು ಬೈರಸಂದ್ರಕ್ಕೆ ನಡೆದರು. ಚಿಕ್ಕಬೈರಪ್ಪ ಜಗಲಿಯ ಮೇಲೆ ಕೂತಿದ್ದ, ಕಣ್ಣು ಮಂಜಾಗಿತ್ತು. ಚಕ್ರಪಾಣಿ ಈ ಸಲ ನಿಂತ ಕಾಲಲ್ಲೇ ಹೇಳಿಬಿಟ್ಟರು. ಆಗ ನಾನು ಸಮುದ್ರ ನೋಡಿರಲಿಲ್ಲ, ಬರಿಯ ಕಾಗದ ನೋಡಿ ಅಂಕ ಹಾಕಿದೆ, ನಿನ್ನ ಹೆಂಡತಿಗೂ ಸುಳ್ಳು ಹೇಳಿದೆ ಎಂದರು. ನಾನು, ಆ ಐದು ಅಂಕ ಕೂಡಿದವನು, ಅವರ ಹಿಂದೆ ನಿಂತಿದ್ದೆ.

ಚಿಕ್ಕಬೈರಪ್ಪ ಪಕ್ಕಕ್ಕೆ ಸರಿದು ಅವರಿಗೆ ಕೂರಲು ಜಾಗ ಮಾಡಿಕೊಟ್ಟ.

“ಗೊತ್ತು ಬುಡಿ ಮೇಷ್ಟ್ರೇ. ಅವತ್ತು ನೀವು ಕಾಫಿ ಕುಡ್ದು ಆ ಕಡೆ ಹೋಗ್ತಿದ್ದಂಗೇ ಅವಳು ಹೇಳಿದ್ಲು. ‘ಪಾಪ, ಮೇಷ್ಟ್ರೂ ನೋಡಿಲ್ಲ. ನಾವು ಹೋಗೋವಾಗ ಅವರನ್ನೂ ಕರ್ಕೊಂಡು ಹೋಗಿದ್ರೆ ಆಗ್ತಿತ್ತು’ ಅಂದ್ಲು.”